ಜಿಎಸ್‌ಟಿ ಅರ್ಜಿಗೆ ನೋಟಿಸ್ ಬಂದಿದೆ: ಕರೆಂಟ್ ಬಿಲ್ ಮಾವನವರ ಹೆಸರಲ್ಲಿ, ವ್ಯಾಪಾರ ಸೊಸೆ ಹೆಸರಲ್ಲಿ

ಮಾವಿನತೋಪು (ಶ್ರೀನಿವಾಸಪುರ):
ಎಲ್ಲರಿಗೂ ನಮಸ್ಕಾರ. ನಾನು, ಅತ್ತೆ, ನಾದಿನಿ ಸೇರಿ ಮನೆಯಲ್ಲೇ ಮಾವಿನಕಾಯಿ ಉಪ್ಪಿನಕಾಯಿ, ಹಪ್ಪಳ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಮಾರುತ್ತೇವೆ. ವರ್ಷಕ್ಕೆ ಆರೇಳು ಲಕ್ಷದ ವಹಿವಾಟು. ಈಗ ಆನ್‌ಲೈನ್ ಮಳಿಗೆಯೊಂದಕ್ಕೆ ಸೇರಬೇಕು ಅಂತ ನನ್ನ ಪ್ಯಾನ್‌ನಲ್ಲಿ ಜಿಎಸ್‌ಟಿಗೆ ಅರ್ಜಿ ಹಾಕಿದೆ. ವ್ಯಾಪಾರದ ಜಾಗದ ದಾಖಲೆ ಸರಿಯಿಲ್ಲ ಅಂತ ನೋಟಿಸ್ ಬಂದಿದೆ. ಬಾಡಿಗೆ ಕರಾರು ಮಾಡಿಸಿ ಅಂತ ಒಬ್ಬರು ಹೇಳುತ್ತಾರೆ. 40 ಲಕ್ಷದವರೆಗೆ ಜಿಎಸ್‌ಟಿಯೇ ಬೇಡ, ಸುಮ್ನೆ ಬಿಟ್ಟುಬಿಡಿ ಅಂತ ಇನ್ನೊಬ್ಬರು. ಏನು ಮಾಡಲಿ?

ಲೆಕ್ಕದಪುಸ್ತಕ (ಕೋಲಾರ):
ಮೇಡಂ, ನೋಟಿಸ್ ಆಮೇಲೆ ನೋಡೋಣ. ಆರ್ಡರ್ ಎಲ್ಲೆಲ್ಲಿಂದ ಬರುತ್ತಿದೆ?

ಮಾವಿನತೋಪು:
ಬೆಂಗಳೂರಿನಿಂದಲೇ ಜಾಸ್ತಿ ಸರ್. ಮದನಪಲ್ಲಿ, ಚಿತ್ತೂರಿನವರೂ ಕೇಳುತ್ತಿದ್ದಾರೆ. ಅಲ್ಲಿಗೆ ಇನ್ನೂ ಕಳಿಸಿಲ್ಲ.

ಲೆಕ್ಕದಪುಸ್ತಕ:
ಹಾಗಿದ್ದರೆ ಅರ್ಜಿ ಬಿಡಬೇಡಿ. 40 ಲಕ್ಷದ ಮಿತಿ ರಾಜ್ಯದೊಳಗೆ ಸರಕು ಮಾರುವವರಿಗೆ. ತೆರಿಗೆ ಇರುವ ಸರಕು ಗಡಿ ದಾಟಿತೆಂದರೆ ವಹಿವಾಟು ಎಷ್ಟೇ ಚಿಕ್ಕದಿರಲಿ, ನೋಂದಣಿ ಬೇಕು. ಹಪ್ಪಳಕ್ಕೆ ತೆರಿಗೆ ಇಲ್ಲ. ಉಪ್ಪಿನಕಾಯಿಗೆ ಇದೆ, ಶೇ. 12 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ. 5 ಆಗಿದೆ. ಶ್ರೀನಿವಾಸಪುರದಿಂದ ಬೆಂಗಳೂರಿಗಿಂತ ಮದನಪಲ್ಲಿ ಹತ್ತಿರ ಅಲ್ವಾ? ಆದರೂ ಜಿಎಸ್‌ಟಿ ಲೆಕ್ಕಕ್ಕೆ ಅದು ಹೊರರಾಜ್ಯ. ನಮ್ಮ ಜಿಲ್ಲೆಯ ಎಷ್ಟೋ ಜನ ಎಡವುವುದು ಇಲ್ಲೇ.

ಇನ್ನು ನೋಟಿಸ್. ಬಾಡಿಗೆ ಕರಾರು ಬೇಡವೇ ಬೇಡ. ಕೊಡದ ಬಾಡಿಗೆಗೆ ಕಾಗದ ಹುಟ್ಟಿಸಬಾರದು. ಅರ್ಜಿಯಲ್ಲಿ ಜಾಗ ಯಾರದು ಅಂತ ಕೇಳುವ ಕಡೆ 'ಕನ್ಸೆಂಟ್' ಆರಿಸಿ. ಮಾವನವರಿಂದ ಬಿಳಿ ಹಾಳೆಯಲ್ಲಿ ಬರೆಸಿ: "ಈ ವಿಳಾಸದ ನನ್ನ ಮನೆಯಲ್ಲಿ ನನ್ನ ಸೊಸೆ ಉಪ್ಪಿನಕಾಯಿ, ಹಪ್ಪಳ ತಯಾರಿಸಿ ಮಾರಲು ನನ್ನ ಒಪ್ಪಿಗೆ ಇದೆ. ಬಾಡಿಗೆ ಪಡೆಯುತ್ತಿಲ್ಲ." ಕೆಳಗೆ ಸಹಿ. ಜೊತೆಗೆ ಅವರ ಆಧಾರ್ ಪ್ರತಿ, ಈಚಿನ ಬೆಸ್ಕಾಂ ಬಿಲ್. ಕೇಂದ್ರ ಪರೋಕ್ಷ ತೆರಿಗೆ ಮಂಡಳಿ 2025ರ ಏಪ್ರಿಲ್‌ನಲ್ಲಿ ಹೊರಡಿಸಿದ ಸೂಚನೆಯೂ ಇದನ್ನೇ ಹೇಳುತ್ತದೆ. ಬಿಲ್‌ನಲ್ಲಿ ಮನೆ ನಂಬರ್, ವಾರ್ಡ್ ಹೇಗಿದೆಯೋ ಅರ್ಜಿಯಲ್ಲೂ ಹಾಗೇ ಇರಲಿ. 7 ಕೆಲಸದ ದಿನಗಳೊಳಗೆ ಉತ್ತರ ಹೋಗಬೇಕು. ಇವತ್ತೇ ಕೂತು ಮುಗಿಸಿ.

ರಾಗಿಮುದ್ದೆ (ಚಿಂತಾಮಣಿ):
ನಡುವೆ ಬಂದೆ, ಕ್ಷಮಿಸಿ. ನಾವು ಕರ್ನಾಟಕದೊಳಗೆ ಮಾತ್ರ ಮಾರುವುದು, ಐದು ಲಕ್ಷವೂ ಆಗುವುದಿಲ್ಲ. ಆದರೂ ಮಳಿಗೆಯವರು ಜಿಎಸ್‌ಟಿ ನಂಬರ್ ಕೇಳುತ್ತಿದ್ದಾರೆ.

ಲೆಕ್ಕದಪುಸ್ತಕ:
ನಿಮ್ಮಂಥವರಿಗೆ 2023ರ ಅಕ್ಟೋಬರ್ 1ರಿಂದ ನೋಂದಣಿಯಿಂದ ವಿನಾಯಿತಿ ಇದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ಯಾನ್ ಕೊಟ್ಟು ಎನ್‌ರೋಲ್‌ಮೆಂಟ್ ನಂಬರ್ ತೆಗೆದುಕೊಳ್ಳಿ, ಅದನ್ನೇ ಮಳಿಗೆಗೆ ಕೊಡಿ. ರಿಟರ್ನ್ ಹಾಕುವ ಕೆಲಸವೇ ಇಲ್ಲ. ಹಿಂದೂಪುರದವರು ಫೋನ್ ಮಾಡಿ ಕೇಳಿದರೂ ಕಳಿಸಬೇಡಿ, ಅದೂ ಹೊರರಾಜ್ಯವೇ.

ಮಾವಿನತೋಪು:
ಸರ್, ನೀವು ಹೇಳಿದ ಹಾಗೇ ಕಳಿಸಿದೆ, ನಂಬರ್ ಬಂತು. ಮನೆಯವರೆಲ್ಲ ನಿಮಗೆ ಋಣಿ. ಮಳಿಗೆಯಲ್ಲಿ ಮಾರಾಟವೂ ಶುರುವಾಗಿದೆ. ಅವರು ಅರ್ಧ ಪರ್ಸೆಂಟ್ ಹಿಡಿದುಕೊಂಡು ಹಣ ಹಾಕುತ್ತಿದ್ದಾರೆ. ಅದು ಹೋದಂತೆಯೇ?

ಲೆಕ್ಕದಪುಸ್ತಕ:
ತುಂಬಾ ಸಂತೋಷ ಮೇಡಂ. ಅದು ಟಿಸಿಎಸ್, ಅಂದರೆ ಮಳಿಗೆಯವರು ನಿಮ್ಮ ಹಣದಲ್ಲಿ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ. ನಿಮ್ಮದೇ ಹಣ. ಪೋರ್ಟಲ್‌ನಲ್ಲಿ ಟಿಡಿಎಸ್, ಟಿಸಿಎಸ್ ಕ್ರೆಡಿಟ್ ಅಂತ ಇರುವ ಕಡೆ ಹೋಗಿ ಒಪ್ಪಿಗೆ ಕೊಟ್ಟು ಸಲ್ಲಿಸಿ. ನಿಮ್ಮ ಕ್ಯಾಶ್ ಲೆಡ್ಜರ್‌ಗೆ (ಪೋರ್ಟಲ್‌ನಲ್ಲೇ ಇರುವ ನಿಮ್ಮ ಹಣದ ಲೆಕ್ಕ) ಬರುತ್ತದೆ, ತೆರಿಗೆ ಕಟ್ಟುವಾಗ ಬಳಸಬಹುದು. ಒಪ್ಪಿಗೆ ಕೊಡದಿದ್ದರೆ ಅಲ್ಲೇ ಕೂತಿರುತ್ತದೆ.

ಮಳಿಗೆಯ ಹಣ ನಿಮ್ಮ ಹೆಸರಿನ ಖಾತೆಗೇ ಬರಲಿ, ಯಜಮಾನರ ಖಾತೆಗೆ ಬೇಡ. ಮಾವಿನ ಕಾಲ ಮುಗಿದು ಮಾರಾಟ ನಿಂತರೂ ವಹಿವಾಟು ಇಲ್ಲ ಅಂತ ನಿಲ್ ರಿಟರ್ನ್ ಹಾಕಲೇಬೇಕು, ತಪ್ಪಿದರೆ ದಿನಕ್ಕೆ 20 ರೂಪಾಯಿ ತಡ ಶುಲ್ಕ. 14409ಕ್ಕೆ ಎಸ್‌ಎಂಎಸ್ ಕಳಿಸಿಯೂ ಹಾಕಬಹುದು.