ಸ್ಮಾರ್ಟ್ ಕೀಗೆ ಯಾವ ಕವರ್ ಹಾಕಿಸಲಿ?

ಶಿರಸಿ ಹುಡುಗ:
ಎಲ್ಲರಿಗೂ ನಮಸ್ಕಾರ. ನಮ್ಮದು ಬಲೆನೋ ಕಾರು, ಬಟನ್ ಒತ್ತಿ ಸ್ಟಾರ್ಟ್ ಮಾಡುವ ಪುಶ್ ಸ್ಟಾರ್ಟ್ ಗಾಡಿ. ಕೀ ನನ್ನ ಜೇಬಿಗಿಂತ ಅಪ್ಪಯ್ಯನ ಪಂಚೆಯ ಸೊಂಟದಲ್ಲೇ ಜಾಸ್ತಿ ಇರುತ್ತದೆ. ಹೋದ ವಾರ ಅಡಿಕೆ ವಖಾರಿ ಮೆಟ್ಟಿಲ ಮೇಲೆ ಅಲ್ಲಿಂದ ಜಾರಿ ಬಿತ್ತು. ಒಂದು ಮೂಲೆ ತರಚಿದೆ, ಎರಡು ಹೋಳು ಕೂಡುವ ಕಡೆ ಉಗುರು ತೂರುವಷ್ಟು ಸಂದಿ ಬಿಟ್ಟಿದೆ. ಸದ್ಯ ಕೆಲಸ ಮಾಡುತ್ತಿದೆ. ಹೊಸ ಕೀ ಮಾಡಿಸಿ ಪ್ರೋಗ್ರಾಮ್ ಮಾಡಿಸುವ ರೇಟು ಕೇಳಿದ ಮೇಲೆ ಅಪ್ಪಯ್ಯ ಆ ಮಾತೇ ಎತ್ತುತ್ತಿಲ್ಲ. ಆನ್‌ಲೈನಿನಲ್ಲಿ ಸಿಲಿಕೋನ್, ಟಿಪಿಯು, ಲೆದರ್, ಮೆಟಲ್ ಅಂತ ನೂರೆಂಟು ಕವರ್ ಇವೆ. ಮೆಟಲ್ ಗಟ್ಟಿ ಅನ್ನಿಸುತ್ತಿದೆ. ನಮ್ಮ ಕಡೆ ಮಳೆ ಗೊತ್ತಲ್ಲ, ಅದಕ್ಕೂ ತಡೆಯಬೇಕು. ನೀವೆಲ್ಲ ಏನು ಬಳಸುತ್ತೀರಿ?

ಜೆಸಿ ರೋಡ್ ಗಿರಾಕಿ:
ಮೆಟಲ್ ಮಾತ್ರ ಬೇಡ ಗುರು. ನೋಡೋಕೆ ಚೆಂದ ಅಂತ ನಾನು ಒಂದು ತಗೊಂಡಿದ್ದೆ. ಕೀ ಗಾಡಿ ಜೊತೆ ಮಾತಾಡುವುದು ರೇಡಿಯೋ ಸಿಗ್ನಲ್‌ನಲ್ಲಿ, ಸುತ್ತ ಲೋಹ ಬಿಗಿದರೆ ಅದಕ್ಕೆ ಅಡ್ಡ ಬರುತ್ತದೆ. ಮೊದಲು ಮೆಟ್ಟಿಲ ಮೇಲಿಂದಲೇ ಲಾಕ್ ಆಗುತ್ತಿದ್ದ ಗಾಡಿಗೆ ಆಮೇಲೆ ಬಾನೆಟ್ ಹತ್ತಿರ ಹೋಗಿ ನಿಂತು ಒತ್ತಬೇಕಾಯಿತು. ಒಂದು ದಿನ ಬೇಸ್‌ಮೆಂಟಿನಲ್ಲಿ ಕೀ ನನ್ನ ಜೇಬಲ್ಲೇ ಇದೆ, ಗಾಡಿ ಮಾತ್ರ ಕೀ ಇಲ್ಲ ಅಂತ ಬೀಪ್ ಬೀಪ್ ಹೊಡೆದುಕೊಳ್ಳುತ್ತಿದೆ, ಹಿಂದೆ ನಾಲ್ಕು ಗಾಡಿಯವರು ಹಾರ್ನು. ಅವತ್ತೇ ಕಿತ್ತು ಬಿಸಾಕಿದೆ.

ಕುಂದಾಪ್ರದವಳು:
ಲೆದರ್ ಕೂಡ ಬೇಡ. ಮಳೆಗಾಲದಲ್ಲಿ ಬೀರುವಿನಲ್ಲಿಟ್ಟ ಬೆಲ್ಟಿಗೇ ಬೂಷ್ಟು ಬರುತ್ತದೆ, ಇನ್ನು ಒದ್ದೆ ಕೈಯಲ್ಲಿ ಮುಟ್ಟುವ ಕೀ ಕಥೆ ಕೇಳಬೇಡಿ. ಸಿಲಿಕೋನ್ ಅಗ್ಗ, ಬಿದ್ದರೆ ಏಟು ಚೆನ್ನಾಗಿ ತಡೆಯುತ್ತದೆ. ಆದರೆ ಜೇಬಿನ ನೂಲು, ಧೂಳು ಎಲ್ಲ ಅಂಟಿಕೊಳ್ಳುತ್ತದೆ, ಬರ್ತಾ ಬರ್ತಾ ಬಾಯಿ ಸಡಿಲ ಆಗುತ್ತದೆ. ನಾನೀಗ ಟಿಪಿಯು ಹಾಕಿದ್ದೇನೆ. ಅದೇ, ಫೋನಿನ ಬ್ಯಾಕ್ ಕವರ್ ಇರುತ್ತಲ್ಲ, ಆ ತರದ್ದು. ಮಳೆಗೆ ಯಾವುದೂ ಪೂರ್ತಿ ತಡೆಯಲ್ಲ ಸರ್. ಒಳಗೆ ಹೋದ ನೀರು ಅಲ್ಲೇ ಕೂತುಬಿಡುತ್ತದೆ, ಹಾಗಾಗಿ ನೆನೆದ ದಿನ ಕವರ್ ಬಿಚ್ಚಿ ಒರೆಸಿಡಿ. ಇನ್ನೊಂದು, ಕವರ್ ತೀರಾ ಬಿಗಿ ಇರಬಾರದು. ನನ್ನ ಮೊದಲ ಕವರ್ ಅನ್‌ಲಾಕ್ ಬಟನ್ನನ್ನು ಸದಾ ಒತ್ತಿಕೊಂಡೇ ಇತ್ತು. ಹೊಸ ಸೆಲ್ಲು ಎರಡೇ ತಿಂಗಳಿಗೆ ಖಾಲಿ!

ಗ್ಯಾರೇಜ್ ಮಾತು:
ಎಲ್ಲರೂ ಕವರ್ ಬಗ್ಗೆಯೇ ಹೇಳುತ್ತಿದ್ದೀರಿ, ಸಂದಿ ಬಿಟ್ಟಿದೆ ಅಂದದ್ದನ್ನು ಯಾರೂ ನೋಡಲಿಲ್ವಾ? ಅದರ ಮೇಲೆ ಕವರ್ ಹಾಕಿದರೆ ಗಾಯಕ್ಕೆ ಅಂಗಿ ಮುಚ್ಚಿದ ಹಾಗೆ. ಮೊದಲು ಶೆಲ್ ಬದಲಾಯಿಸಿ ತಮ್ಮಾ. ಕೀಯ ಹೊರಗಿನ ಪ್ಲಾಸ್ಟಿಕ್ ಚಿಪ್ಪು ಖಾಲಿಯಾಗಿಯೇ ಸಿಗುತ್ತದೆ. ಒಳಗಿನ ಬೋರ್ಡು, ಸೆಲ್ಲು, ಪಕ್ಕದಲ್ಲಿ ಸಿಕ್ಕಿಸಿರುವ ಲೋಹದ ಎಮರ್ಜೆನ್ಸಿ ಕೀ ಮೂರನ್ನೂ ಅದಕ್ಕೆ ದಾಟಿಸಿದರೆ ಆಯಿತು. ಬೋರ್ಡು ಹಳೆಯದೇ ಆದ್ದರಿಂದ ಪ್ರೋಗ್ರಾಮಿಂಗ್ ಖರ್ಚೂ ಇಲ್ಲ. ಪುಶ್ ಸ್ಟಾರ್ಟ್ ಇಲ್ಲದವರು ಹುಷಾರು, ತಿರುಗಿಸುವ ಕೀಗಳಲ್ಲಿ ಕೆಲವಕ್ಕೆ ಇಮ್ಮೊಬಿಲೈಸರ್ ಚಿಪ್, ಅಂದರೆ ಇದು ತನ್ನದೇ ಕೀ ಅಂತ ಗಾಡಿ ಗುರುತಿಸುವ ಚಿಪ್, ಬೇರೆಯಾಗಿ, ಅಕ್ಕಿಕಾಳಿಗಿಂತ ಒಂಚೂರು ದೊಡ್ಡದಾಗಿ ಹಳೇ ಚಿಪ್ಪಿಗೇ ಅಂಟಿರುತ್ತದೆ. ಅದನ್ನು ಕಸಕ್ಕೆ ಹಾಕಿದರೆ ಗಾಡಿ ಸ್ಟಾರ್ಟ್ ಆಗಲ್ಲ.

ಆಮೇಲೆ ಕವರ್ ತಗೊಳ್ಳಿ, ಟಿಪಿಯು ಸಾಕು. ಗಾಡಿ ಹೆಸರೊಂದನ್ನೇ ಹೇಳಿ ತರಬೇಡಿ. ಒಂದೇ ಮಾಡೆಲ್ಲಿನಲ್ಲೂ ವರ್ಷ, ವೇರಿಯಂಟ್ ಬದಲಾದರೆ ಕೀ ಆಕಾರ ಬೇರೆ ಆಗಬಹುದು. ಕೀ ಫೋಟೋ ತೋರಿಸಿ, ಬಟನ್ ಎಣಿಸಿ. ಎಮರ್ಜೆನ್ಸಿ ಕೀ ತೆಗೆಯಬೇಕಾದರೆ ಕವರ್ ಎಷ್ಟು ಬೇಗ ಬಿಚ್ಚಬಹುದು ಅಂತ ಅಂಗಡಿಯಲ್ಲೇ ಒಂದ್ಸಲ ಬಿಚ್ಚಿ ನೋಡಿ. ರಾತ್ರಿ ಸೆಲ್ಲು ಸತ್ತು ಮಳೆಯಲ್ಲಿ ನಿಂತಾಗ ಹಲ್ಲಲ್ಲಿ ಕಚ್ಚಿ ಎಳೆಯುವ ಹಾಗೆ ಆಗಬಾರದು.

ಶಿರಸಿ ಹುಡುಗ:
ಶೆಲ್ ಬೇರೆಯಾಗಿ ಸಿಗುತ್ತದೆ ಅಂತಲೇ ಗೊತ್ತಿರಲಿಲ್ಲ ಅಣ್ಣ, ಥ್ಯಾಂಕ್ಸ್. ನಾಳೆ ವಿಚಾರಿಸುತ್ತೇನೆ. ಅಪ್ಪಯ್ಯನಿಗೆ ಇಷ್ಟೂ ಓದಿ ಹೇಳಿದೆ. ಎಲ್ಲ ಕೇಳಿಸಿಕೊಂಡು, "ಆ ಕವರಿಗೆ ಒಂದು ಬಳೆ ಇರುತ್ತದೋ ಇಲ್ಲವೋ ಕೇಳು, ಜನಿವಾರಕ್ಕೆ ಕಟ್ಟಿಕೊಳ್ಳುತ್ತೇನೆ" ಅಂದರು. ಇರುತ್ತಾ?

ಕುಂದಾಪ್ರದವಳು:
ಇರುತ್ತದೆ. ಆದರೆ ಸ್ನಾನಕ್ಕೆ ಹೋಗುವ ಮೊದಲು ನೆನಪಿಸಿ 😄