ಎರಡು ಪುಟ ಜಾಸ್ತಿ ಆಗ್ತಿದೆ, ಸಾಲುಗಳ ಅಂತರ ಎಷ್ಟು ಇಳಿಸಬಹುದು?

ಹಳೆವಿದ್ಯಾರ್ಥಿ:
ನಮ್ಮೂರ ಶಾಲೆಯ ಸುವರ್ಣ ಮಹೋತ್ಸವಕ್ಕೆ ನೆನಪಿನ ಸಂಚಿಕೆ ತರುತ್ತಿದ್ದೇವೆ. ಕಂಪ್ಯೂಟರ್ ಗೊತ್ತಿರೋನು ಅಂತ ಪುಟ ಕಟ್ಟುವ ಕೆಲಸ ನನ್ನ ಕುತ್ತಿಗೆಗೆ ಬಿದ್ದಿದೆ. ಪುಟದ ಅಳತೆ ಡೆಮಿ 1/8, ಪುಟ ಕಟ್ಟುವ ತಂತ್ರಾಂಶ ಇನ್‌ಡಿಸೈನ್, ಯೂನಿಕೋಡ್ ಫಾಂಟ್ 12 ಪಾಯಿಂಟ್, ಲೀಡಿಂಗ್ (ಸಾಲಿನಿಂದ ಸಾಲಿಗೆ ಅಂತರ) 17. ಪುಟಕ್ಕೆ 28 ಸಾಲು ಕೂರುತ್ತವೆ. ಒಟ್ಟು 130 ಪುಟ ಬಂದಿದೆ. ಪ್ರೆಸ್ಸಿನವರು 16 ಪುಟ ಒಟ್ಟಿಗೆ ಅಚ್ಚಾಗುವ ಫಾರಂ ಲೆಕ್ಕ ಹೇಳುತ್ತಾರೆ, ಎಂಟು ಫಾರಂ ಆಗುವಂತೆ 128ಕ್ಕೆ ನಿಲ್ಲಿಸಿ ಅಂತಾರೆ. ಲೀಡಿಂಗ್ 15 ಮಾಡಿದೆ. ಪುಟವೇನೋ ಇಳಿಯಿತು, ಆದರೆ ‘ರಾಷ್ಟ್ರ’ದ ಒತ್ತು ಕೆಳಗಿನ ಸಾಲಿನ ‘ಕಿ’ಯ ಗುಡಿಸಿಗೆ ತಾಗುತ್ತಿದೆ. ಲೀಡಿಂಗನ್ನು ತಂತ್ರಾಂಶಕ್ಕೇ ಬಿಟ್ಟು ‘ಆಟೋ’ ಇಟ್ಟರೆ ಇನ್ನೂ ಹದಗೆಡುತ್ತದೆ. ಇನ್ನೊಂದು ತಲೆನೋವು: ಕೆಲವು ಪ್ಯಾರಾದಲ್ಲಿ ಒಂದೇ ಒಂದು ಸಾಲು ಮಾತ್ರ ದೂರ ಹೋಗಿ ನಿಂತಿದೆ. ಯಾಕೆ?

ಮೊಳೆಜೋಡಕ:
ಆಟೋ ಅಂದರೆ ಅಕ್ಷರದ ಅಳತೆಯ 120%. 12ಕ್ಕೆ 14.4. ಇಂಗ್ಲಿಷಿಗೆ ಅದು ಸರಿ, ಅಲ್ಲಿ ಒತ್ತಕ್ಷರ ಇಲ್ವಲ್ಲ. ಕನ್ನಡಕ್ಕೆ ಸಾಲದು. 12 ಪಾಯಿಂಟಿಗೆ ನಾನು 16ಕ್ಕಿಂತ ಕೆಳಗೆ ಇಳಿಯುವುದಿಲ್ಲ.

ಇಡೀ ಪುಸ್ತಕವನ್ನು ಬಿಗಿ ಮಾಡುವುದು ಯಾಕೆ ಸ್ವಾಮಿ? ಪ್ರತಿ ಲೇಖನ ಹೊಸ ಪುಟದಲ್ಲಿ ಶುರುವಾಗುತ್ತದೆ ತಾನೆ? ಹಾಗಾದರೆ ಕೊನೆಯ ಪುಟದಲ್ಲಿ ಮೂರ್ನಾಲ್ಕು ಸಾಲು ಮಾತ್ರ ಉಳಿದಿರುವ ಲೇಖನಗಳನ್ನು ಹುಡುಕಿ. ಅಂಥವು ಎರಡು ಸಿಕ್ಕರೆ ನಿಮ್ಮ ಎರಡು ಪುಟ ಬಂತು. ಆ ಎರಡು ಲೇಖನಕ್ಕೆ ಮಾತ್ರ 16.5 ಕೊಡಿ. 28 ಸಾಲಿಗೆ 17ರಂತೆ 476 ಪಾಯಿಂಟ್ ಬೇಕು. 29 ಸಾಲಿಗೆ 16.5ರಂತೆ 478.5. ಪಠ್ಯದ ಚೌಕಟ್ಟು 170 ಮಿಮೀ ಇದ್ದರೆ ಸುಮಾರು 482 ಪಾಯಿಂಟ್, ಎರಡೂ ಹಿಡಿಸುತ್ತವೆ. ಪುಟಕ್ಕೊಂದು ಸಾಲು ಗಿಟ್ಟುತ್ತದೆ, ಅರ್ಧ ಪಾಯಿಂಟ್ ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದೇ ಪುಟವನ್ನು ಮಾತ್ರ ಬದಲಿಸಬೇಡಿ, ಲೇಖನ ಪೂರ್ತಿ ಬದಲಿಸಿ. ಇಲ್ಲದಿದ್ದರೆ ಎದುರುಬದುರು ಪುಟದ ಸಾಲುಗಳು ಹೊಂದುವುದಿಲ್ಲ. ಬೇಸ್‌ಲೈನ್ ಗ್ರಿಡ್‌ಗೆ (ಎಲ್ಲ ಪುಟದ ಸಾಲುಗಳನ್ನು ಒಂದೇ ಮಟ್ಟಕ್ಕೆ ಕೂರಿಸುವ ಗೆರೆಗಳಿಗೆ) ಕಟ್ಟಿದ್ದರೆ ಮೊದಲು ಬಿಡಿಸಿ, ಅದು ಇದ್ದರೆ 16.5 ಕೊಟ್ಟರೂ ಸಾಲು ಗ್ರಿಡ್ಡಿಗೇ ಹೋಗಿ ಕೂರುತ್ತದೆ.

ದೂರ ನಿಂತ ಸಾಲಿನ ಕತೆ ಬೇರೆ. ಇನ್‌ಡಿಸೈನ್‌ನಲ್ಲಿ ಲೀಡಿಂಗ್ ಅಕ್ಷರಕ್ಕೆ ಅಂಟಿಕೊಂಡಿರುತ್ತದೆ. ಸಾಲಿನಲ್ಲಿ ಯಾವ ಅಕ್ಷರದ ಲೀಡಿಂಗ್ ಜಾಸ್ತಿಯೋ ಅದರದ್ದೇ ಮಾತು. ಎಲ್ಲೋ ಒಂದು ಇಸವಿಯೋ ಇಂಗ್ಲಿಷ್ ಪದವೋ ಬೇರೆ ಕಡೆಯಿಂದ ಪೇಸ್ಟ್ ಆಗಿ ಬಂದಿರಬೇಕು. ಪ್ರಿಫರೆನ್ಸಸ್, ಟೈಪ್‌ನಲ್ಲಿ ‘ಅಪ್ಲೈ ಲೀಡಿಂಗ್ ಟು ಎಂಟೈರ್ ಪ್ಯಾರಾಗ್ರಾಫ್ಸ್’ ಗುರುತು ಮಾಡಿ, ಆ ಪ್ಯಾರಾಗೆ ಲೀಡಿಂಗ್ ಇನ್ನೊಮ್ಮೆ ಹಾಕಿ.

ಸಂಜೆಮಲ್ಲಿಗೆ:
ಲೀಡಿಂಗ್ ಮುಟ್ಟುವ ಮೊದಲು ನಾನು ಪ್ಯಾರಾಗಳ ಕೊನೆ ನೋಡುತ್ತೇನೆ. ‘ಹೋದರು’ ಅಂತ ಒಂದೇ ಪದ ಕೊನೇ ಸಾಲಿನಲ್ಲಿ ಕೂತಿದ್ದರೆ ಆ ಪ್ಯಾರಾಗೆ ಟ್ರ್ಯಾಕಿಂಗ್ (ಅಕ್ಷರಗಳ ನಡುವಿನ ಅಂತರ) ಮೈನಸ್ 5 ಅಥವಾ 10 ಕೊಟ್ಟರೆ ಮೇಲೇರಿಬಿಡುತ್ತದೆ. ಆದರೆ ಲೇಖನಗಳು ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟಿನಲ್ಲಿದ್ದರೆ ಇದನ್ನು ಮಾಡಬೇಡಿ. ಅದರಲ್ಲಿ ಒತ್ತು, ಕೊಂಬು ಎಲ್ಲಾ ಬಿಡಿಬಿಡಿ ತುಂಡು. ಟ್ರ್ಯಾಕಿಂಗ್ ಕೊಟ್ಟರೆ ಒತ್ತು ತನ್ನ ಅಕ್ಷರ ಬಿಟ್ಟು ಜರುಗುತ್ತದೆ.

ಹಳೆವಿದ್ಯಾರ್ಥಿ:
ಕೆಲವರು ನುಡಿಯಲ್ಲೇ ಕೊಟ್ಟಿದ್ದರು, ಎಲ್ಲಾ ಯೂನಿಕೋಡ್ ಮಾಡಿಕೊಂಡಿದ್ದೇನೆ. ಬಾಲ ಉಳಿದ ಲೇಖನ ಮೂರು ಸಿಕ್ಕವು! ಎರಡಕ್ಕೆ 16.5 ಸಾಕಾಯಿತು, 128ಕ್ಕೆ ಬಂದು ನಿಂತಿದೆ. ಮೂರನೆಯದು ನಮ್ಮ ಹೆಡ್‌ಮೇಷ್ಟ್ರದ್ದು, ಅದರ ಒಂದು ಪುಟ ಉಳಿದರೆ ಹಳೆಯ ಫೋಟೋ ಹಾಕಬಹುದಿತ್ತು. ಏಳು ಸಾಲು ಹೊರಗಿದೆ. ಅದಕ್ಕೆ 16 ಕೊಡಲಾ?

ಮೊಳೆಜೋಡಕ:
ಕೊಡಬೇಡಿ. ಪಕ್ಕದ ಲೇಖನದ ಎದುರು ಇಟ್ಟಾಗ ಒಂದು ಪಾಯಿಂಟ್ ಕಾಣುತ್ತದೆ. ಮೇಷ್ಟ್ರಿಗೇ ಫೋನ್ ಮಾಡಿ, ಒಂದು ಪ್ಯಾರಾ ಕಡಿಮೆ ಮಾಡಿ ಸಾರ್ ಅಂತ ಕೇಳಿ. ಅವರು ಒಪ್ಪದಿದ್ದರೆ ಫೋಟೋ ರಕ್ಷಾಪುಟದ ಒಳಬದಿಗೆ ಹಾಕಿ. ಹಾಂ, ಪ್ರೆಸ್ಸಿಗೆ ಕೊಡುವ ಮೊದಲು ನಾಲ್ಕು ಪುಟ ನಿಜವಾದ ಅಳತೆಯಲ್ಲೇ ಪ್ರಿಂಟ್ ತೆಗೆದು ನೋಡಿ. ಸ್ಕ್ರೀನಿನಲ್ಲಿ ದೊಡ್ಡದು ಮಾಡಿ ನೋಡಿದಾಗ ಸಾಲುಗಳು ಯಾವಾಗಲೂ ಸಡಿಲವಾಗೇ ಕಾಣುತ್ತವೆ.