ಕ್ಲೋರೋಫಿಲ್ ನಕ್ಷೆ ನೋಡಿ ಕ್ರಿಲ್ ಎಲ್ಲಿದೆ ಅಂತ ಹೇಳಬಹುದಾ?

ಶಿರಸಿ_ಹುಡುಗಿ

ಎಲ್ಲರಿಗೂ ನಮಸ್ಕಾರ. ಕಾರವಾರದಲ್ಲಿ ಸಾಗರ ಜೀವಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೇನೆ. ಸೆಮಿನಾರ್‌ಗೆ ಅಂಟಾರ್ಕ್ಟಿಕಾದ ಕ್ರಿಲ್ ತೆಗೆದುಕೊಂಡಿದ್ದೇನೆ. ನೋಡಲು ನಮ್ಮ ಶೆಟ್ಲಿಯ (ಸೀಗಡಿಯ) ಹಾಗೇ ಇರುವ, ದೊಡ್ಡದಾದರೆ 6 ಸೆಂಟಿಮೀಟರ್ ಉದ್ದ, 2 ಗ್ರಾಂ ತೂಕದ ಪ್ರಾಣಿ. ಆದರೆ ಎಲ್ಲ ಸೇರಿದರೆ ಸುಮಾರು 38 ಕೋಟಿ ಟನ್ ಅಂತ ಒಂದು ಅಂದಾಜಿದೆ. ತಿಮಿಂಗಿಲ, ಪೆಂಗ್ವಿನ್, ಸೀಲ್ ಎಲ್ಲಕ್ಕೂ ಇದೇ ಊಟ.

ಕ್ರಿಲ್‌ನ ಮುಖ್ಯ ಆಹಾರ ಫೈಟೊಪ್ಲಾಂಕ್ಟನ್, ಅಂದರೆ ನೀರಿನಲ್ಲಿ ತೇಲುವ, ಕ್ಲೋರೋಫಿಲ್ ಇರುವ ಸೂಕ್ಷ್ಮ ಪಾಚಿ. ಹಾಗಾದರೆ ಉಪಗ್ರಹದ ಕ್ಲೋರೋಫಿಲ್ ನಕ್ಷೆ ತೆಗೆದು, ಹಸಿರು ಇದ್ದಲ್ಲಿ ಕ್ರಿಲ್ ಇರುತ್ತದೆ, ನೀಲಿ ಇದ್ದಲ್ಲಿ ಇರುವುದಿಲ್ಲ ಅಂತ ಹೇಳಬಹುದಾ? ಕ್ಲಾಸಿನಲ್ಲಿ ಕೆಲವರು ಹೌದು ಅನ್ನುತ್ತಾರೆ. ಆದರೆ ನಕ್ಷೆ ನೋಡಿದರೆ ಅಲ್ಲಿನ ಬಹುಪಾಲು ನೀರು ನೀಲಿ. ನೈಟ್ರೇಟ್, ಫಾಸ್ಫೇಟ್ ಬೇಕಾದಷ್ಟಿದ್ದರೂ ಕಬ್ಬಿಣ ಸಾಲದೆ ಫೈಟೊಪ್ಲಾಂಕ್ಟನ್ ಜಾಸ್ತಿ ಬೆಳೆಯುವುದಿಲ್ಲ ಅಂತ ಓದಿದೆ. ಮತ್ತೆ ಇಷ್ಟೊಂದು ಕ್ರಿಲ್ ಏನು ತಿಂದು ಬದುಕುತ್ತದೆ?

ಇನ್ನೊಂದು. ಮೋಡ, ಮಂಜುಗಡ್ಡೆ, ತಿಂಗಳುಗಟ್ಟಲೆ ಕತ್ತಲೆ ಇರುವ ಕಡೆ ಇದನ್ನೆಲ್ಲ ಅಳೆಯುವುದು ಹೇಗೆ? ನಾವು ಕಾಳಿ ನದಿ ಸಮುದ್ರ ಸೇರುವಲ್ಲಿ ನೀರು ತಂದು ಸೂಕ್ಷ್ಮದರ್ಶಕದಲ್ಲಿ ಡಯಾಟಮ್ ಅನ್ನುವ ಚಿಪ್ಪಿನ ಫೈಟೊಪ್ಲಾಂಕ್ಟನ್ ಎಣಿಸುತ್ತೇವೆ. ಆ ಕೆಲಸಕ್ಕೆ ಅಲ್ಲಿ ಬೆಲೆ ಇದೆಯಾ ಅಥವಾ ಎಲ್ಲವೂ ಯಂತ್ರದ್ದೇ ಕಾರಬಾರಾ?

ಮಾಜಾಳಿ_ನೀರು

ತಂಗಿ, ಒಳ್ಳೆಯ ವಿಷಯ ಹಿಡಿದಿದ್ದೀಯ. ನಾನು ಗೋವಾದ ಒಂದು ಲ್ಯಾಬಿನಲ್ಲಿದ್ದೇನೆ, ಹಡಗಿನಲ್ಲಿ ದಕ್ಷಿಣಕ್ಕೆ ಹೋಗಿ ಇದೇ ಕೆಲಸ ಮಾಡಿದ್ದೇನೆ. ಹಸಿರು ಅಂದರೆ ಕ್ರಿಲ್ ಅನ್ನುವುದು ದೂರದಿಂದ ನೋಡಿದರೆ ನಿಜ. 2004ರಲ್ಲಿ ಬಂದ ಒಂದು ದೊಡ್ಡ ಅಧ್ಯಯನ ಹಳೆಯ ಬಲೆ ಲೆಕ್ಕಗಳನ್ನೆಲ್ಲ ಒಟ್ಟುಗೂಡಿಸಿ ನೋಡಿತ್ತು. ದಕ್ಷಿಣ ಮಹಾಸಾಗರದ ಅರ್ಧಕ್ಕಿಂತ ಜಾಸ್ತಿ ಕ್ರಿಲ್ ಅಟ್ಲಾಂಟಿಕ್ ಬದಿಯ ನೈರುತ್ಯ ಭಾಗದಲ್ಲೇ ಇದೆ, ಅಲ್ಲಿ ಕ್ಲೋರೋಫಿಲ್ಲೂ ಜಾಸ್ತಿ. ಆದರೆ ಹತ್ತಿರ ಹೋದ ಹಾಗೆ ಈ ಲೆಕ್ಕ ಕೆಡುತ್ತದೆ.

ಮೊದಲನೆಯದಾಗಿ, ನಾವು ಅಳೆಯುವುದು ತಿಂದು ಉಳಿದದ್ದನ್ನು. ಕ್ರಿಲ್‌ನ ದೊಡ್ಡ ಹಿಂಡು ಮೇಯ್ದು ಹೋದ ಜಾಗದಲ್ಲಿ ಕ್ಲೋರೋಫಿಲ್ ಕಡಿಮೆ ಸಿಗುವುದು ಸಹಜ ಅಲ್ವಾ? ಇದು ಲ್ಯಾಬಿನಲ್ಲಿ ಸ್ವಲ್ಪ ಮಟ್ಟಿಗೆ ಗೊತ್ತಾಗುತ್ತದೆ. ಆಳದ ಉಷ್ಣತೆ, ಉಪ್ಪು ಅಳೆಯುವ ಸೀಟಿಡಿ ಯಂತ್ರದ ಜೊತೆ ಇಳಿಸಿದ ನಿಸ್ಕಿನ್ ಬಾಟಲಿಗಳಲ್ಲಿ ಬೇರೆ ಬೇರೆ ಆಳದ ನೀರು ಮೇಲೆ ಬರುತ್ತದೆ. ಅದನ್ನು ಮಂದ ಬೆಳಕಿನಲ್ಲಿ ಗಾಜಿನ ನಾರಿನ ಜಿಎಫ್‌ಎಫ್ ಫಿಲ್ಟರ್ ಮೇಲೆ ಸೋಸುತ್ತೇವೆ. ನೀರು ತೆಳ್ಳಗಿದ್ದರೆ ಎರಡು ಲೀಟರ್ ಸೋಸಿದರೂ ಬಿಳಿ ಫಿಲ್ಟರ್ ಮೇಲೆ ಬಣ್ಣ ಬಂತೋ ಇಲ್ಲವೋ ಅನ್ನುವಷ್ಟೇ ಬರುತ್ತದೆ, ಮಂಜು ಕರಗುವ ಅಂಚಿನಲ್ಲಿ ಅರ್ಧ ಲೀಟರಿಗೇ ಕಂದು ಹಸಿರಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಆಮೇಲೆ 90 ಶೇಕಡಾ ಅಸಿಟೋನ್‌ನಲ್ಲಿ ಒಂದು ದಿನ ಕತ್ತಲೆಯಲ್ಲಿ, ತಣ್ಣಗೆ ಇಟ್ಟು ಫ್ಲೋರೋಮೀಟರ್‌ಗೆ ಹಾಕುತ್ತೇವೆ. ನೀಲಿ ಬೆಳಕು ಬಿಟ್ಟರೆ ಕ್ಲೋರೋಫಿಲ್ ಕೆಂಪಗೆ ಹೊಳೆಯುತ್ತದೆ, ಆ ಹೊಳಪೇ ಲೆಕ್ಕ. ಒಂದು ಸಲ ಓದಿದ ಮೇಲೆ ಎರಡು ಹನಿ ತೆಳು ಆಮ್ಲ ಹಾಕಿ ಮತ್ತೆ ಓದುತ್ತೇವೆ. ಆಗ ಎಷ್ಟು ಕ್ಲೋರೋಫಿಲ್ ಇನ್ನೂ ಸರಿಯಾಗಿತ್ತು, ಎಷ್ಟು ಆಗಲೇ ಒಡೆದು ಫಿಯೋಪಿಗ್ಮೆಂಟ್ ಆಗಿತ್ತು ಅಂತ ಬೇರೆ ಮಾಡಬಹುದು. ಒಡೆದ ಪಾಲು ಜಾಸ್ತಿ ಇದ್ದರೆ ಅಲ್ಲಿ ಯಾರೋ ಮೇಯ್ದಿದ್ದಾರೆ ಅನ್ನುವುದಕ್ಕೆ ಒಂದು ಸುಳಿವು. ಸುಳಿವು ಮಾತ್ರ, ಸಾಕ್ಷಿ ಅಲ್ಲ. ಕೋಪೆಪಾಡ್ ಅನ್ನುವ ಪುಟ್ಟ ತೇಲು ಪ್ರಾಣಿಗಳು ತಿಂದರೂ ಹಾಗೇ ಆಗುತ್ತದೆ. ಬಲೆಗೆ ಬಂದ ಕ್ರಿಲ್ ಕೈಯಲ್ಲಿ ಹಿಡಿದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ, ಮೈ ಪಾರದರ್ಶಕ, ಈಗಷ್ಟೇ ತಿಂದಿದ್ದರೆ ತಲೆಯ ಹಿಂದೆ ಹೊಟ್ಟೆಯ ಭಾಗ ಗಾಢ ಹಸಿರಾಗಿ ಎದ್ದು ಕಾಣುತ್ತದೆ.

ಎರಡನೆಯದು, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು: ಕ್ಲೋರೋಫಿಲ್ ಎಷ್ಟು ಅನ್ನುವುದಕ್ಕಿಂತ ಯಾರದ್ದು ಅನ್ನುವ ಪ್ರಶ್ನೆ. ಕ್ರಿಲ್ ತನ್ನ ಮುಂಗಾಲುಗಳ ಕೂದಲಿನಲ್ಲಿ ನೀರು ಸೋಸಿ ತಿನ್ನುತ್ತದೆ. ಡಯಾಟಮ್ ದೊಡ್ಡದು, ಸುಲಭವಾಗಿ ಸಿಗುತ್ತದೆ. ಕೆಲವೇ ಮೈಕ್ರಾನ್‌ನ ಕ್ರಿಪ್ಟೋಫೈಟ್ ಅನ್ನುವ ಫೈಟೊಪ್ಲಾಂಕ್ಟನ್‌ಗಳು ಬಹುಪಾಲು ಜಾರಿ ಹೋಗುತ್ತವೆ. ಅವು ಜಾಸ್ತಿಯಾದರೆ ಲಾಭ ಸಾಲ್ಪ್ ಅನ್ನುವ ಲೋಳೆ ಪ್ರಾಣಿಗೆ, ಅದು ಸಣ್ಣದನ್ನೂ ಬಿಡುವುದಿಲ್ಲ. ಅಂಟಾರ್ಕ್ಟಿಕ್ ಪರ್ಯಾಯದ್ವೀಪದ ಪಶ್ಚಿಮ ಕರಾವಳಿಯಲ್ಲಿ ಹಿಮನದಿ ಕರಗಿದ ಸಿಹಿನೀರು ಸೇರುವಲ್ಲಿ ಡಯಾಟಮ್ ಬದಲು ಕ್ರಿಪ್ಟೋಫೈಟ್ ಮೇಲುಗೈ ಆಗುವುದನ್ನು ನೋಡಿದ್ದಾರೆ. ಎರಡೂ ಕಡೆ ಕ್ಲೋರೋಫಿಲ್ ಅಂಕಿ ಒಂದೇ ಬರಬಹುದು. ಕ್ರಿಲ್‌ಗೆ ಮಾತ್ರ ಒಂದು ಕಡೆ ಊಟ, ಇನ್ನೊಂದು ಕಡೆ ಉಪವಾಸ.

ಯಾರದ್ದು ಅಂತ ತಿಳಿಯಲು ಎಚ್‌ಪಿಎಲ್‌ಸಿ ಅನ್ನುವ ಯಂತ್ರದಲ್ಲಿ ಫೈಟೊಪ್ಲಾಂಕ್ಟನ್‌ನ ಬಣ್ಣದ ವಸ್ತುಗಳನ್ನು ಬೇರೆ ಮಾಡುತ್ತಾರೆ. ಅಲೋಕ್ಸಾಂಥಿನ್ ಸಿಕ್ಕರೆ ಕ್ರಿಪ್ಟೋಫೈಟ್. ಫ್ಯೂಕೋಕ್ಸಾಂಥಿನ್ ಜಾಸ್ತಿ ಇದ್ದರೆ ಮೊದಲ ಅನುಮಾನ ಡಯಾಟಮ್ ಮೇಲೆ, ಆದರೆ ಫಿಯೋಸಿಸ್ಟಿಸ್ ಅನ್ನುವ ಇನ್ನೊಂದು ಫೈಟೊಪ್ಲಾಂಕ್ಟನ್‌ನಲ್ಲೂ ಅದು ಇರಬಹುದು. ಅದಕ್ಕೇ ಕಣ್ಣಿನಲ್ಲಿ ನೋಡಿ ಎಣಿಸುವವರು ಬೇಕೇ ಬೇಕು. ಎಣಿಸುವವರೆಗೆ ಜೀವಕೋಶ ಕೆಡದಂತೆ ಲುಗೋಲ್ ಅಯೋಡಿನ್ ಹಾಕಿದ ಬಾಟಲಿ ಇಲ್ಲದ ಹಡಗು ನಾನು ನೋಡಿಲ್ಲ. ನೀನು ಕಾಳಿ ನೀರಲ್ಲಿ ಸ್ಕೆಲೆಟೋನೀಮಾ, ಕೀಟೋಸೆರಾಸ್‌ನಂಥ ಡಯಾಟಮ್ ಗುರುತಿಸುವುದು ಕಲಿತಿದ್ದರೆ ಆ ಕಣ್ಣು ಅಲ್ಲೂ ಕೆಲಸಕ್ಕೆ ಬರುತ್ತದೆ, ಕೀಟೋಸೆರಾಸ್‌ನ ಬೇರೆ ಜಾತಿಗಳು ಅಲ್ಲೂ ಇವೆ.

ಹಾರವಾಡ_ದೋಣಿ

ನಾನು ಓದಿದವನಲ್ಲ, ಮೀನುಗಾರಿಕೆ ಮನೆಯವನು. ಆದರೆ ಅಕ್ಕ ಹೇಳಿದ "ಯಾರದ್ದು" ಅನ್ನುವ ಮಾತು ನಮ್ಮಲ್ಲೂ ಸತ್ಯ. ಮಳೆಗಾಲ ಮುಗಿಯುವಾಗ ನೀರಿನ ಬಣ್ಣ ತಿರುಗಿದರೆ ತಾರ್ಲೆ (ಬೂತಾಯಿ) ಮೀನು ದಡದ ಹತ್ತಿರ ಬರುತ್ತದೆ ಅಂತ ಹಿರಿಯರು ಕಾಯುತ್ತಿದ್ದರು. ಅದು ತಿನ್ನುವುದು ಇದೇ ಡಯಾಟಮ್ ಅಂತ ಮೀನುಗಾರಿಕೆ ತರಬೇತಿಯಲ್ಲಿ ಹೇಳಿದ್ದರು. ಆದರೆ ಬಣ್ಣ ತಿರುಗಿದ ನೀರೆಲ್ಲ ಮೀನು ತರುವುದಿಲ್ಲ. ರಾತ್ರಿ ಬಲೆ ಎಳೆದಾಗ ನೀಲಿಯಾಗಿ ಹೊಳೆಯುವ ನೀರು ಇರುತ್ತದಲ್ಲ, ನೋಕ್ಟಿಲುಕಾ ಅನ್ನುತ್ತಾರೆ, ಅದು ದಟ್ಟವಾಗಿದ್ದ ಕಡೆ ನಮಗೆ ಬಲೆ ಖಾಲಿ ಬಂದದ್ದೇ ಜಾಸ್ತಿ.

ನನ್ನದೊಂದು ಪ್ರಶ್ನೆ. ಕ್ರಿಲ್ ಹಿಡಿಯಲು ನಮ್ಮ ದೇಶದವರೂ ಹೋಗಿದ್ದರಂತೆ, ಹೌದಾ?

ಮಾಜಾಳಿ_ನೀರು

ಹೌದು ಅಣ್ಣ. 1995–96ರಲ್ಲಿ ಸಾಗರ ಸಂಪದ ಹಡಗು ಕ್ರಿಲ್ ಅಧ್ಯಯನಕ್ಕಂತಲೇ ಹೋಗಿತ್ತು. ನಾವು ಅಂಟಾರ್ಕ್ಟಿಕ್ ಜೀವಸಂಪತ್ತಿನ ಆಯೋಗದ ಸದಸ್ಯರೂ ಹೌದು, ಅಲ್ಲಿ ಎಷ್ಟು ಹಿಡಿಯಬಹುದು ಅಂತ ನಿರ್ಧರಿಸುವುದು ಆ ಆಯೋಗ. ಕ್ರಿಲ್‌ನ ಮೇವು ಎಲ್ಲಿದೆ ಅನ್ನುವ ಲೆಕ್ಕ ಸರಿಯಿಲ್ಲದಿದ್ದರೆ ಆ ಮಿತಿಯೂ ಸರಿಯಿರುವುದಿಲ್ಲ. ನನಗೆ ಈ ಕೆಲಸ ಸುಮ್ನೆ ಅಂಕಿ ಆಟ ಅನ್ನಿಸದೇ ಇರುವುದು ಅದಕ್ಕೇ.

ತಂಗಿ, ನಿನಗೆ ಲೋಹಾಫೆಕ್ಸ್ ಉದಾಹರಣೆ ಕೊಡಲೇಬೇಕು. 2009ರಲ್ಲಿ ಗೋವಾದ ಸಾಗರ ವಿಜ್ಞಾನ ಸಂಸ್ಥೆಯವರು ಜರ್ಮನಿಯವರ ಜೊತೆ ಪೋಲಾರ್‌ಸ್ಟರ್ನ್ ಹಡಗಿನಲ್ಲಿ ಹೋಗಿ ಸುಮಾರು 300 ಚದರ ಕಿಲೋಮೀಟರ್ ಸಮುದ್ರಕ್ಕೆ ಕಬ್ಬಿಣ ಹಾಕಿದರು. ಫೈಟೊಪ್ಲಾಂಕ್ಟನ್ ಬೆಳೆಯಿತು, ಆದರೆ ಡಯಾಟಮ್ ಅಲ್ಲ. ಆ ನೀರಿನಲ್ಲಿ ಸಿಲಿಕೇಟ್ ತೀರಾ ಕಡಿಮೆ, ಚಿಪ್ಪು ಕಟ್ಟಲು ಡಯಾಟಮ್‌ಗೆ ಅದು ಬೇಕು. ಬೆಳೆದ ಸಣ್ಣ ಜೀವಕೋಶಗಳನ್ನು ಕೋಪೆಪಾಡ್ ತಿಂದು ಮುಗಿಸಿದವು. ಕಬ್ಬಿಣ ಒಂದೇ ಸಾಲದು ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಪಾಠ ನಿನ್ನ ಸೆಮಿನಾರ್‌ಗೆ ಸಿಗಲಿಕ್ಕಿಲ್ಲ.

ಕುಮಟಾ_ಪಿಕ್ಸೆಲ್

ಉಪಗ್ರಹದ ಭಾಗ ನಾನು ಹೇಳುತ್ತೇನೆ, ದಿನಾ ಅದೇ ಕೆಲಸ.

ಉಪಗ್ರಹ ನೋಡುವುದು ನೀರಿನಿಂದ ತಿರುಗಿ ಬರುವ ಬೆಳಕಿನ ಬಣ್ಣವನ್ನು. ನೀಲಿ ಕಡಿಮೆಯಾಗಿ ಹಸಿರು ಉಳಿದರೆ ಕ್ಲೋರೋಫಿಲ್ ಇದೆ ಅಂತ ಒಂದು ಸೂತ್ರ. ಕಾರವಾರದಲ್ಲಿ ಈ ಸೂತ್ರ ಮಳೆಗಾಲದಲ್ಲಿ ಮೋಡದಿಂದ ಕೆಡುತ್ತದೆ, ಮೋಡ ಸರಿದ ಮೇಲೆ ಕಾಳಿ ತಂದ ಕೆಸರಿನಿಂದ ಕೆಡುತ್ತದೆ, ಇಲ್ಲದ ಕ್ಲೋರೋಫಿಲ್ ತೋರಿಸುತ್ತದೆ. ದಕ್ಷಿಣ ಮಹಾಸಾಗರದಲ್ಲಿ ಉಲ್ಟಾ, ಸಾಮಾನ್ಯ ಸೂತ್ರ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಅದಕ್ಕೇ ಅಲ್ಲಿಗೆ ಬೇರೆ ಸೂತ್ರ ಮಾಡಿದ್ದಾರೆ. ನೀವು ನೋಡಿದ ನೀಲಿಯಲ್ಲಿ ಒಂದು ಪಾಲು ಸೂತ್ರದ ದೋಷ ಇರಬಹುದು, ಯಾವ ಸೂತ್ರದ ನಕ್ಷೆ ಅಂತ ಮೊದಲು ನೋಡಿ. ಉಪಗ್ರಹಕ್ಕೆ ಕಾಣುವುದು ಮೇಲಿನ ಪದರ ಮಾತ್ರ ಅನ್ನುವುದೂ ನೆನಪಿರಲಿ. ಮಂಜುಗಡ್ಡೆಯ ಕೆಳಗೆ ಏನೂ ಕಾಣುವುದಿಲ್ಲ, ಚಳಿಗಾಲದಲ್ಲಿ ಬೆಳಕೇ ಇಲ್ಲ. 2006ರಲ್ಲಿ ಹಾರಿಸಿದ ಕ್ಯಾಲಿಪ್ಸೋ ಉಪಗ್ರಹ ತನ್ನದೇ ಲೇಸರ್ ಬಿಟ್ಟು ನೋಡುತ್ತಿದ್ದ ಕಾರಣ ಧ್ರುವದ ಕತ್ತಲೆಯಲ್ಲೂ ಅಳೆಯಲು ಆಯಿತು. ನಮ್ಮದು ಓಷನ್‌ಸ್ಯಾಟ್-3, 2022ರ ನವೆಂಬರ್ 26ರಂದು ಹೋಯಿತು, 13 ಬಣ್ಣಗಳಲ್ಲಿ ನೋಡುತ್ತದೆ.

ಆಳಕ್ಕೆ ಆರ್ಗೋ ತೇಲುಯಂತ್ರಗಳಿವೆ. ಸುಮಾರು ಹತ್ತು ದಿನಕ್ಕೊಮ್ಮೆ 2000 ಮೀಟರ್ ಆಳದಿಂದ ಮೇಲೆ ಬರುತ್ತಾ ಉಷ್ಣತೆ, ಉಪ್ಪು ಅಳೆಯುತ್ತವೆ, ಕೆಲವು ಕ್ಲೋರೋಫಿಲ್‌ನ ಹೊಳಪನ್ನೂ ಅಳೆಯುತ್ತವೆ. ನೀರು ಹೆಪ್ಪುಗಟ್ಟುವಷ್ಟು ತಣ್ಣಗಿದ್ದರೆ ಮೇಲೆ ಮಂಜು ಇದೆ ಅಂತ ಲೆಕ್ಕ ಹಾಕಿ ಅಲ್ಲಿಂದಲೇ ವಾಪಸ್, ದತ್ತಾಂಶ ಇಟ್ಟುಕೊಂಡು ಬೇಸಿಗೆಯಲ್ಲಿ ಕಳಿಸುತ್ತವೆ. ಆನೆ ಸೀಲ್‌ಗಳ ತಲೆಗೂ ಸಣ್ಣ ಸಾಧನ ಅಂಟಿಸುತ್ತಾರೆ. ಒಂದು ಎಚ್ಚರ: ಜೋರು ಬಿಸಿಲಲ್ಲಿ ಜೀವಕೋಶಗಳ ಹೊಳಪು ಕುಗ್ಗುತ್ತದೆ, ಮಧ್ಯಾಹ್ನದ ಮೇಲ್ಪದರದ ಅಂಕಿ ತಿದ್ದದೇ ಬಳಸಬೇಡಿ.

ಪರ್ಯಾಯದ್ವೀಪದ ಪಶ್ಚಿಮಕ್ಕೆ 1978–86 ಮತ್ತು 1998–2006ರ ಉಪಗ್ರಹ ದತ್ತಾಂಶ ಹೋಲಿಸಿದಾಗ ಒಟ್ಟಾರೆ ಕ್ಲೋರೋಫಿಲ್ 12 ಶೇಕಡಾ ಇಳಿದಿತ್ತು. ಉತ್ತರದಲ್ಲಿ ಇಳಿದು, ದಕ್ಷಿಣದಲ್ಲಿ ಏರಿತ್ತು. ಸರಾಸರಿ ಮಾತ್ರ ಹೇಳಿದರೆ ಅರ್ಧ ಕಥೆ ಮುಚ್ಚಿಹೋಗುತ್ತದೆ.

ಶಿರಸಿ_ಹುಡುಗಿ

ಅಕ್ಕ, ಅಣ್ಣ, ಸರ್, ಎಲ್ಲರಿಗೂ ಧನ್ಯವಾದ. ಒಂದೇ ಸಂಶಯ ಉಳಿಯಿತು. ಚಳಿಗಾಲದಲ್ಲಿ ನೀರಿನಲ್ಲಿ ಹೆಚ್ಚುಕಡಿಮೆ ಏನೂ ಇಲ್ಲದಾಗ ಕ್ರಿಲ್ ಏನು ಮಾಡುತ್ತದೆ? ನಕ್ಷೆಯಲ್ಲಿ ಆ ತಿಂಗಳುಗಳೇ ಖಾಲಿ.

ಮಾಜಾಳಿ_ನೀರು

ಅದನ್ನು ಕೇಳಿದ್ದು ಒಳ್ಳೆಯದಾಯಿತು, ನಕ್ಷೆಯ ಆ ಖಾಲಿ ತಿಂಗಳುಗಳಲ್ಲೇ ಮುಂದಿನ ವರ್ಷದ ಕ್ರಿಲ್ ಉಳಿಯುವುದೋ ಸಾಯುವುದೋ ತೀರ್ಮಾನವಾಗುತ್ತದೆ. ದೊಡ್ಡ ಕ್ರಿಲ್ ಹೇಗೋ ತಡೆಯುತ್ತದೆ. ಮೈಯ ಕೊಬ್ಬು ಕರಗಿಸುತ್ತದೆ, ಬೇರೆ ಸಣ್ಣ ಪ್ರಾಣಿ ತಿನ್ನುತ್ತದೆ, ತೀರಾ ಉಪವಾಸ ಬಿದ್ದರೆ ಪೊರೆ ಬಿಟ್ಟು ಮೊದಲಿಗಿಂತ ಚಿಕ್ಕದೇ ಆಗುತ್ತದೆ. ಮರಿಗಳಿಗೆ ಅಷ್ಟು ದಾಸ್ತಾನು ಇರುವುದಿಲ್ಲ. ಅವು ಮಂಜುಗಡ್ಡೆಯ ತಳಕ್ಕೆ ಬಂದು ಅಲ್ಲಿ ಅಂಟಿ ಬೆಳೆದ ಪಾಚಿ ಕೆರೆದು ತಿನ್ನುತ್ತವೆ. ಮಂಜಿಗೆ ಕೊಳವೆ ಕೊರೆದು ತುಂಡು ಎತ್ತಿದರೆ ಮೇಲೆಲ್ಲ ಬಿಳಿ, ಬುಡದ ಕೆಲವೇ ಸೆಂಟಿಮೀಟರ್ ಕಂದು. ಆ ಬುಡವನ್ನು ಕತ್ತರಿಸಿ, ಸೋಸಿದ ಸಮುದ್ರದ ನೀರಿನಲ್ಲಿ ನಿಧಾನವಾಗಿ ಕರಗಿಸಬೇಕು. ಹಾಗೇ ಕರಗಿಸಿದರೆ ಉಪ್ಪು ಒಮ್ಮೆಲೇ ಇಳಿದು ಜೀವಕೋಶ ಒಡೆಯುತ್ತವೆ. ಆಮೇಲೆ ಅದೇ ಫಿಲ್ಟರ್, ಅದೇ ಅಸಿಟೋನ್.

ಆದ್ದರಿಂದ ಸೆಮಿನಾರ್‌ನಲ್ಲಿ ಒಂದೇ ನಕ್ಷೆ ಹಾಕಬೇಡ. ಬೇಸಿಗೆಯ ಕ್ಲೋರೋಫಿಲ್, ಚಳಿಗಾಲದ ಮಂಜಿನ ಅಂಚು, ನೀರಿನ ಉಷ್ಣತೆ, ಎಲ್ಲ ಪಕ್ಕಪಕ್ಕ ಇಡು. ದಕ್ಷಿಣ ಜಾರ್ಜಿಯಾ ದ್ವೀಪದ ಸುತ್ತ ನೋಡು. ಅಲ್ಲಿ ಹಸಿರು ದಟ್ಟ, ಕ್ರಿಲ್ಲೂ ಬೇಕಾದಷ್ಟು, ಆದರೆ ಬಹುಪಾಲು ಕ್ರಿಲ್ ಹುಟ್ಟಿದ್ದು ಬೇರೆ ಕಡೆ, ಪ್ರವಾಹದ ಜೊತೆ ಬಂದದ್ದು. ಅಲ್ಲಿ ಮೇವು ಇದೆ, ತೊಟ್ಟಿಲು ಬೇರೆ ಎಲ್ಲೋ ಇದೆ. ಈ ಒಂದು ಜಾಗವನ್ನೇ ಸರಿಯಾಗಿ ವಿವರಿಸಿದರೆ ನಿನ್ನ ಕ್ಲಾಸಿನವರ ಪ್ರಶ್ನೆಗೂ ಉತ್ತರ ಸಿಗುತ್ತದೆ.

ಮತ್ತೆ ಫಿಲ್ಟರ್ ಅಭ್ಯಾಸ ಈಗಲೇ ಕಾಳಿ ನೀರಲ್ಲಿ ಶುರುಮಾಡು. ಪಂಪ್ ಜೋರಾಗಿ ಇಡಬೇಡ, ಜೀವಕೋಶ ಒಡೆದು ಬಣ್ಣ ನೀರಿನ ಜೊತೆ ಹೋಗಿಬಿಡುತ್ತದೆ.